ಬಿಲ್ಲು ಸೊನ್ನೆ, ದರ ಮಾತ್ರ ಬಡವರಿಗೇ ಭಾರ

ತುಮಕೂರು ನಗರದ ಎರಡು ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಂದು, ತಿಂಗಳಿಗೆ 50 ಯೂನಿಟ್ ಬಳಸುವ, ಒಂದು ಕಿಲೋವಾಟ್ ಮಂಜೂರಾದ ಎರಡು ಕೋಣೆಯ ಮನೆ. ಇನ್ನೊಂದು, ಗೀಸರು, ವಾಷಿಂಗ್ ಮಷೀನು, ಎಸಿ ಎಲ್ಲ ಇರುವ, 300 ಯೂನಿಟ್ ಬಳಸುವ ಮೂರು ಕಿಲೋವಾಟ್ ಮನೆ. 2022–23ರ ದರಪಟ್ಟಿಯಲ್ಲಿ, ತೆರಿಗೆ ಮತ್ತು ಇಂಧನ ಹೊಂದಾಣಿಕೆ ಶುಲ್ಕ ಬಿಟ್ಟರೆ, ಚಿಕ್ಕ ಮನೆಯ ಬಿಲ್ಲು 307 ರೂಪಾಯಿ 50 ಪೈಸೆ, ದೊಡ್ಡ ಮನೆಯದು 2,342 ರೂಪಾಯಿ 50 ಪೈಸೆ. 2025ರ ಏಪ್ರಿಲ್‌ನಿಂದ ಜಾರಿಯಾದ ದರದಲ್ಲಿ ಚಿಕ್ಕ ಮನೆಗೆ 453 ರೂಪಾಯಿ, ದೊಡ್ಡ ಮನೆಗೆ 2,283 ರೂಪಾಯಿ. ಮೊದಲನೆಯದು ಶೇ 47ರಷ್ಟು ಏರಿತು, ಎರಡನೆಯದು ಇಳಿಯಿತು.

ಚಿಕ್ಕ ಮನೆಯವರು ಇದಕ್ಕೆ ಬೀದಿಗಿಳಿಯಲಿಲ್ಲ. ಅವರ ಕೈಗೆ ಬರುವ ಚೀಟಿಯಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ ಎಂದಿರುತ್ತದೆ, 453 ರೂಪಾಯಿ ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ. 200 ಯೂನಿಟ್‌ವರೆಗೆ ಉಚಿತ ಕರೆಂಟು ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ ಬಂದ ಮೇಲೆ ದರ ಎಷ್ಟು ಎಂದು ನೋಡುವ ಅಭ್ಯಾಸವೇ ಹೋಯಿತು. ಅದೇ ಹೊತ್ತಿನಲ್ಲಿ ದರದ ಒಳರಚನೆ ತಲೆಕೆಳಗಾಯಿತು. ಹಿಂದೆ ಬಡವರ ರಕ್ಷಣೆ ದರಪಟ್ಟಿಯ ಒಳಗೇ ಇತ್ತು. ಈಗ ಅದು ಬಜೆಟ್ಟಿನಲ್ಲಿದೆ. ವಿದ್ಯುತ್ ವಿತರಣೆ ಖಾಸಗಿಯವರ ಕೈಗೆ ಹೋದರೆ ಏನಾಗುತ್ತದೆ ಎಂದು ಕೇಳುವವರು ಈ ಸ್ಥಳಾಂತರವನ್ನು ಮೊದಲು ನೋಡಬೇಕು. ಮಾಲೀಕ ಯಾರು ಎಂಬುದಕ್ಕಿಂತ ರಕ್ಷಣೆ ಎಲ್ಲಿದೆ ಎಂಬುದು ಇಲ್ಲಿ ಹೆಚ್ಚು ಮುಖ್ಯ.

ಸ್ಲ್ಯಾಬು ಹೋದ ಬಗೆ

2022–23ರಲ್ಲಿ ನಗರದ ಗೃಹಬಳಕೆಗೆ ನಾಲ್ಕು ಸ್ಲ್ಯಾಬು ಇದ್ದವು. ಮೊದಲ 50 ಯೂನಿಟ್‌ಗೆ 4.15 ರೂಪಾಯಿ, 51ರಿಂದ 100ರವರೆಗೆ 5.60, 101ರಿಂದ 200ರವರೆಗೆ 7.15, ಅದರ ಮೇಲೆ 8.20. ಹಳ್ಳಿಗೆ ಇನ್ನೂ ಕೊಂಚ ಕಡಿಮೆ. ಹೆಚ್ಚು ಬಳಸುವವನು ಹೆಚ್ಚು ದರ ಕೊಟ್ಟು ಕಡಿಮೆ ಬಳಸುವವನ ಹೊರೆ ಇಳಿಸಲಿ ಎಂಬುದು ಇದರ ತರ್ಕ. 2023ರ ಮೇ 12ರ ಆದೇಶದಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ನಾಲ್ಕನ್ನು ಎರಡಕ್ಕೆ ಇಳಿಸಿತು. 100 ಯೂನಿಟ್ ಒಳಗಿದ್ದರೆ 4.75, ದಾಟಿದರೆ ಅಷ್ಟೂ ಯೂನಿಟ್‌ಗೆ 7 ರೂಪಾಯಿ. 2024ರ ಫೆಬ್ರುವರಿ 28ರ ಆದೇಶದಲ್ಲಿ ಅದೂ ಹೋಯಿತು. ಎಲ್ಲರಿಗೂ ಒಂದೇ ದರ, 5.90. ಹೆಚ್ಚು ಬಳಸುವವರಿಗೆ ಯೂನಿಟ್‌ಗೆ 1.10 ರೂಪಾಯಿ ಇಳಿದ ಸುದ್ದಿ ಪತ್ರಿಕೆಗಳ ತಲೆಬರಹವಾಯಿತು. 100ರ ಒಳಗಿನವರಿಗೆ 1.15 ಏರಿದ್ದು ಅಷ್ಟಾಗಿ ಕಾಣಲಿಲ್ಲ. 2025ರ ಮಾರ್ಚ್ 27ರ ಆದೇಶದಲ್ಲಿ ಯೂನಿಟ್ ದರ ಹತ್ತು ಪೈಸೆ ಇಳಿದು 5.80 ಆಯಿತು, ಬಳಕೆ ಎಷ್ಟೇ ಇರಲಿ ಮಂಜೂರಾದ ಲೋಡಿನ ಮೇಲೆ ಬೀಳುವ ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145ಕ್ಕೆ ಏರಿತು. ಇದರ ಮೇಲೆ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಬೇರೆ.

ಹತ್ತು ಪೈಸೆ ಇಳಿಸಿ 25 ರೂಪಾಯಿ ಏರಿಸುವುದು ಯಾರಿಗೆ ಲಾಭ ಎಂಬುದು ಕೂಡಿ ಕಳೆಯುವ ಲೆಕ್ಕ. ಪಿಂಚಣಿ ಬಾಬ್ತು ಬಿಟ್ಟು ಲೆಕ್ಕ ಹಾಕಿದರೂ ಒಂದು ಕಿಲೋವಾಟ್ ಮನೆಯವರು ಏರಿಕೆಯಿಂದ ತಪ್ಪಿಸಿಕೊಳ್ಳಬೇಕಾದರೆ ತಿಂಗಳಿಗೆ 250 ಯೂನಿಟ್ ಬಳಸಬೇಕು. ಅದಕ್ಕಿಂತ ಕಡಿಮೆ ಬಳಸುವವರಿಗೆಲ್ಲ ನಷ್ಟವೇ.

2025–26ರ ದರದಲ್ಲಿ ಶೇ 9ರ ವಿದ್ಯುತ್ ತೆರಿಗೆ ಸೇರಿಸಿ ಯೂನಿಟ್‌ಗೆ ನಿಜವಾಗಿ ಎಷ್ಟು ಬೀಳುತ್ತದೆ ನೋಡಿ. 30 ಯೂನಿಟ್ ಬಳಸುವ ಒಂದು ಕಿಲೋವಾಟ್ ಮನೆಗೆ: 174 ರೂಪಾಯಿ ಬಳಕೆ, 15.66 ತೆರಿಗೆ, 145 ನಿಗದಿತ ಶುಲ್ಕ, 10.80 ಪಿಂಚಣಿ ಬಾಬ್ತು. ಒಟ್ಟು 345 ರೂಪಾಯಿ ಚಿಲ್ಲರೆ, ಯೂನಿಟ್‌ಗೆ ಹನ್ನೊಂದೂವರೆ. 300 ಯೂನಿಟ್ ಬಳಸುವ ಮೂರು ಕಿಲೋವಾಟ್ ಮನೆಗೆ ಇದೇ ಲೆಕ್ಕದಲ್ಲಿ ಯೂನಿಟ್‌ಗೆ 8.13. ಎಸಿ ಮನೆಗಿಂತ ಎರಡು ಬಲ್ಬಿನ ಮನೆಯ ಕರೆಂಟು ದುಬಾರಿ.

ಆಯೋಗವನ್ನೇ ದೂರಿದರೆ ಪೂರ್ತಿ ನ್ಯಾಯವಾಗದು. 2003ರ ವಿದ್ಯುತ್ ಕಾಯ್ದೆಯ 61ನೇ ಸೆಕ್ಷನ್, ದರ ಕ್ರಮೇಣ ಪೂರೈಕೆ ವೆಚ್ಚಕ್ಕೆ ಹತ್ತಿರವಾಗಬೇಕು, ಕ್ರಾಸ್ ಸಬ್ಸಿಡಿ, ಅಂದರೆ ಒಬ್ಬರಿಂದ ಹೆಚ್ಚು ದರ ಪಡೆದು ಇನ್ನೊಬ್ಬರ ದರ ತಗ್ಗಿಸುವುದು, ಇಳಿಯುತ್ತ ಹೋಗಬೇಕು ಎನ್ನುತ್ತದೆ. ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್), ಸಬ್‌ಸ್ಟೇಷನ್, ಸಿಬ್ಬಂದಿಯ ಖರ್ಚು ಗ್ರಾಹಕ ಕರೆಂಟು ಬಳಸಲಿ ಬಿಡಲಿ ಇದ್ದೇ ಇರುತ್ತದೆ. ಚಾವಣಿ ಮೇಲೆ ಸೋಲಾರ್ ಹಾಕಿಕೊಂಡವರು, ಬೇರೆಡೆಯಿಂದ ಕರೆಂಟು ಕೊಳ್ಳುವ ಕಾರ್ಖಾನೆಗಳು ಬೆಸ್ಕಾಂ ಜಾಲವನ್ನು ಕಷ್ಟಕಾಲಕ್ಕೆ ಮಾತ್ರ ನೆಚ್ಚುತ್ತಾರೆ. ಅವರಿಂದ ಸ್ಥಿರ ವೆಚ್ಚ ವಸೂಲಾಗಬೇಕಾದರೆ ನಿಗದಿತ ಶುಲ್ಕ ಏರಿಸಬೇಕು. ವಾದ ಸರಿಯೇ ಇದೆ. ಆದರೆ ಸೋಲಾರ್ ಹಾಕಿದ ಬಂಗಲೆಗೆ ಬೀಸಿದ ಕೋಲು 30 ಯೂನಿಟ್ ಮನೆಯ ಬೆನ್ನ ಮೇಲೂ ಬಿತ್ತು. ಶುಲ್ಕವನ್ನು ಲೋಡಿನ ಮೇಲೆ ಏರುಹಂತವಾಗಿ ಹಾಕಿ, ಮೊದಲ ಕಿಲೋವಾಟನ್ನು ಅಗ್ಗವಾಗಿ ಬಿಡಬಹುದಿತ್ತು. 2022–23ರಲ್ಲಿ ಮೊದಲ ಕಿಲೋವಾಟ್‌ಗೆ 100, ಮುಂದಿನದಕ್ಕೆ 110 ಎಂದು ಅಂಥದೊಂದು ಸಣ್ಣ ಅಂತರವಾದರೂ ಇತ್ತು.

ಪಿಂಚಣಿ ಬಾಬ್ತಿಗೆ ಹಳೆಯ ಕಥೆಯಿದೆ. ಜನ ಇಂದಿಗೂ ಕೆಇಬಿ ಎಂದೇ ಕರೆಯುವ ವಿದ್ಯುತ್ ಮಂಡಳಿಯನ್ನು 1999ರಲ್ಲಿ ಕೆಪಿಟಿಸಿಎಲ್ ಮಾಡಿ, 2002ರ ಜೂನ್‌ನಲ್ಲಿ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳಾಗಿ ಒಡೆದರು. ನೌಕರರ ಪಿಂಚಣಿಯ ಹೊಣೆ ಸರ್ಕಾರದ್ದು ಎಂಬ ಭರವಸೆ ಆಗ ಸಿಕ್ಕಿತ್ತು. ಕಾಲು ಶತಮಾನ ಕಳೆಯುವಷ್ಟರಲ್ಲಿ ಆ ಹೊಣೆ ಗ್ರಾಹಕನ ಬಿಲ್ಲಿಗೆ ಬಂದು ಕೂತಿದೆ. 2025–26ಕ್ಕೆ 36 ಪೈಸೆ, ಮುಂದಿನ ವರ್ಷ 35, ಆಮೇಲೆ 34. ಸುಧಾರಣೆಯ ಖರ್ಚು ಕೊನೆಗೆ ಯಾರ ತಲೆಗೆ ಬರುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಹುಡುಕಬೇಕಿಲ್ಲ.

ಗೃಹಜ್ಯೋತಿಯ ಜಾಲರಿಯಲ್ಲಿ ಸೋರಿಹೋಗುವವರು

ಯೋಜನೆಯ ಲೆಕ್ಕ ಹೀಗಿದೆ. 2022–23ರಲ್ಲಿ ಆ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದರ ಮೇಲೆ ಶೇ 10. 2024ರಲ್ಲಿ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಎಂದು ತಿದ್ದಿದರು. ಅಷ್ಟರೊಳಗಿದ್ದರೆ ಬಿಲ್ಲು ಸೊನ್ನೆ. ಅರ್ಹತೆ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ಲು.

ಇದರ ಫಲ ಏನು? 30 ಯೂನಿಟ್ ಬಳಸುತ್ತಿದ್ದ ಮನೆಗೆ ಉಚಿತ ಸಿಗುವುದು 40 ಯೂನಿಟ್, 2025–26ರ ಯೂನಿಟ್ ದರದಲ್ಲಿ 232 ರೂಪಾಯಿಯ ನೆರವು. 160 ಬಳಸುತ್ತಿದ್ದ ಮನೆಗೆ 176 ಯೂನಿಟ್, ಸುಮಾರು 1,021 ರೂಪಾಯಿಯ ನೆರವು. ಕೂಲಿ ಮಾಡುವ ಮನೆಯವರು ಕಂತಿನ ಮೇಲೆ ಫ್ರಿಜ್ ತಂದರೆ ಮೇಲಿನ 30–40 ಯೂನಿಟ್‌ಗೆ ದುಡ್ಡು ಕಟ್ಟುತ್ತಾರೆ. ಮೊದಲಿಂದಲೂ ಫ್ರಿಜ್ ಇದ್ದ ಮನೆಗೆ ಅದೂ ಉಚಿತ. 2022–23ರಲ್ಲಿ ಬಡವರಾಗಿದ್ದವರು ಯೋಜನೆಯ ಲೆಕ್ಕದಲ್ಲಿ ಹಾಗೇ ಉಳಿಯಬೇಕು.

ಇದಕ್ಕಿಂತ ಹೆಚ್ಚು ತೊಂದರೆ ವಠಾರಗಳಲ್ಲಿ. ತುಮಕೂರಿನ ಹಳೆಯ ಪೇಟೆಗಳಲ್ಲಿ, ಕೋಲಾರದ ನರಸಾಪುರ, ಮಾಲೂರು ಕಡೆ ಕಾರ್ಖಾನೆಗೆ ಹೋಗುವವರು ಇರುವ ಸಾಲುಮನೆಗಳಲ್ಲಿ ಒಂದೇ ಆರ್‌ಆರ್ ನಂಬರಿನಿಂದ, ಅಂದರೆ ಒಂದೇ ಮೀಟರ್ ಸಂಪರ್ಕದಿಂದ, ನಾಲ್ಕೈದು ಕುಟುಂಬಕ್ಕೆ ಲೈನ್ ಎಳೆದಿರುತ್ತಾರೆ. ಒಬ್ಬೊಬ್ಬರದು 60 ಯೂನಿಟ್ ಆದರೂ ನಾಲ್ಕು ಮನೆ ಸೇರಿ 240. ಗೃಹಜ್ಯೋತಿ ಯಾರಿಗೂ ಇಲ್ಲ. ಮಾಲೀಕರು ಒಳಗೆ ಸಬ್‌ಮೀಟರ್ ಇಟ್ಟು ತಾವು ಹೇಳಿದ ದರಕ್ಕೆ ವಸೂಲಿ ಮಾಡುತ್ತಾರೆ. ಲೈಸೆನ್ಸ್ ಇಲ್ಲದೆ ಕರೆಂಟು ಮಾರಲು ಕಾಯ್ದೆ ಬಿಡುವುದಿಲ್ಲ, ಆದರೆ ದೂರು ಕೊಟ್ಟವರು ಮನೆ ಖಾಲಿ ಮಾಡಬೇಕಾಗುತ್ತದೆ. ನಿಜವಾದ ಪರಿಹಾರ ಪ್ರತಿ ಮನೆಗೆ ಪ್ರತ್ಯೇಕ ಮೀಟರ್. ಅದರ ಖರ್ಚು ಯಾರದು ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಏಕೆಂದರೆ ಹೊಸ ಮೀಟರ್ ಈಗ ಸ್ಮಾರ್ಟ್ ಮೀಟರೇ.

ಬಾಡಿಗೆ ಮನೆ ಬದಲಿಸುವವರು ಒಂದು ಕೆಲಸ ಮರೆಯಬಾರದು. ಹಳೆಯ ಮನೆಯ ಆರ್‌ಆರ್ ನಂಬರಿನಿಂದ ನಿಮ್ಮ ಆಧಾರ್ ಬಿಡಿಸಿಕೊಳ್ಳದಿದ್ದರೆ ಹೊಸ ಮನೆಗೆ ಜೋಡಣೆ ಆಗುವುದಿಲ್ಲ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಇದಕ್ಕೆ ಡಿ-ಲಿಂಕ್ ಸೌಲಭ್ಯವಿದೆ. ಮೊದಲು ಡಿ-ಲಿಂಕ್, ಆಮೇಲೆ ಹೊಸ ಮನೆಯ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಹಾಕಿ ಹೊಸ ನೋಂದಣಿ. ನಿಮಗಿಂತ ಮುಂಚೆ ಆ ಮನೆಯಲ್ಲಿದ್ದವರು ಬಿಡಿಸಿಕೊಂಡು ಹೋಗಿರದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಬಾಡಿಗೆ ಕರಾರು ಪತ್ರ ಹಿಡಿದು ಉಪವಿಭಾಗದ ಕಚೇರಿಗೆ ಹೋಗದೆ ದಾರಿಯಿಲ್ಲ.

ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿಕೊಂಡವರ ಪಾಡು ಬೇರೆ. ಸ್ವಾಧೀನ ಪ್ರಮಾಣಪತ್ರ, ಅಂದರೆ ಓಸಿ, ಇಲ್ಲದ ಕಟ್ಟಡಕ್ಕೆ ಕಾಯಂ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಅರ್ಜಿಗಳು ರಾಶಿ ಬಿದ್ದವು. 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ 2025ರಲ್ಲಿ ರಾಜ್ಯ ಸರ್ಕಾರ ವಿನಾಯಿತಿಯ ದಾರಿ ಮಾಡಿತು. ಅಲ್ಲಿವರೆಗೆ ತಾತ್ಕಾಲಿಕ ಸಂಪರ್ಕದಲ್ಲೇ ದಿನ ದೂಡಿದವರು ಗೃಹಬಳಕೆ ದರಕ್ಕಿಂತ ಹೆಚ್ಚು ಕಟ್ಟಿದರು. ತಾತ್ಕಾಲಿಕ ಸಂಪರ್ಕ ಗೃಹಬಳಕೆಯ ದರಪಟ್ಟಿಗೇ ಸೇರದು, ಹಾಗಾಗಿ ಗೃಹಜ್ಯೋತಿಯೂ ಸಿಗದು.

ಬಿಲ್ಲಿನಲ್ಲಿ ಮೊದಲು ನೋಡಬೇಕಾದ ಸಾಲು

ಯೂನಿಟ್ ನೋಡುವುದಕ್ಕೆ ಮುಂಚೆ ಮಂಜೂರಾದ ಲೋಡ್ ನೋಡಿ. ಮನೆ ಕಟ್ಟುವಾಗ ವೈರಿಂಗ್ ಗುತ್ತಿಗೆದಾರ ‘ಮುಂದಕ್ಕೆ ಇರಲಿ’ ಎಂದು ಮೂರು ಕಿಲೋವಾಟ್ ಬರೆಸಿರುತ್ತಾನೆ. ಗೃಹಜ್ಯೋತಿಯ ಅರ್ಹತೆಯೊಳಗೆ ಇರುವವರೆಗೆ ಅದರ ಬಿಸಿ ತಟ್ಟದು. 200 ದಾಟಿದ ತಿಂಗಳು, ಅಥವಾ ಯೋಜನೆಗೆ ಸೇರದ ಮನೆಯಾದರೆ ಪ್ರತಿ ತಿಂಗಳು, ಬಳಸಲಿ ಬಿಡಲಿ 2025–26ರ ದರದಲ್ಲಿ 435 ರೂಪಾಯಿ ನಿಗದಿತ ಶುಲ್ಕ. ಒಂದು ಕಿಲೋವಾಟ್ ಆಗಿದ್ದರೆ 145. ವರ್ಷಕ್ಕೆ 3,480 ರೂಪಾಯಿ ವ್ಯತ್ಯಾಸ.

ಲೋಡ್ ಲೆಕ್ಕ ಹಾಕುವುದು ಕಷ್ಟವಲ್ಲ. 9 ವಾಟಿನ ಐದು ಎಲ್‌ಇಡಿ ಬಲ್ಬು 45, ಹಳೆಯ ಎರಡು ಫ್ಯಾನು 150, ಟಿವಿ 100, ಫ್ರಿಜ್ 200, ಮಿಕ್ಸಿ 500. ಎಲ್ಲ ಒಟ್ಟಿಗೆ ಹಾಕಿದರೂ 995 ವಾಟ್. ಇಸ್ತ್ರಿಪೆಟ್ಟಿಗೆ ಸೇರಿದರೆ ಮೀರುತ್ತದೆ. ಬಕೆಟ್ಟಿಗೆ ಇಳಿಬಿಡುವ ನೀರು ಕಾಯಿಸುವ ಕಾಯಿಲ್ ಒಂದೇ 1,000ದಿಂದ 1,500 ವಾಟ್ ಎಳೆಯುತ್ತದೆ. ಸೌದೆ ಒಲೆ ಬಿಟ್ಟು ಕಾಯಿಲ್‌ಗೆ ಬಂದ ಮನೆಗಳಲ್ಲಿ ಬಿಲ್ಲು ಏರಲು ಬಹುಪಾಲು ಇದೇ ಕಾರಣ. 1,500 ವಾಟ್ ಕಾಯಿಲ್ ದಿನಕ್ಕೆ ನಲವತ್ತು ನಿಮಿಷ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಲೋಡ್ ಇಳಿಸಲು ಉಪವಿಭಾಗದ ಕಚೇರಿಗೆ ಅರ್ಜಿ ಕೊಡಬೇಕು. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರನಿಂದ ವೈರಿಂಗ್ ನಕ್ಷೆ ಮತ್ತು ವರದಿ ಕೇಳುತ್ತಾರೆ. ಅವನ ಶುಲ್ಕ ಮೊದಲೇ ಮಾತಾಡಿಕೊಳ್ಳಿ, ಉಳಿತಾಯದ ಅರ್ಧ ಅಲ್ಲೇ ಹೋಗಬಾರದು.

ಖಾಸಗಿ ಈಗಾಗಲೇ ಎಷ್ಟು ಒಳಗಿದೆ

ಬೆಸ್ಕಾಂ ಸರ್ಕಾರಿ ಕಂಪನಿ ನಿಜ. ಆದರೆ ಅದು ಹಂಚುವ ಕರೆಂಟಿನ ಒಳ್ಳೆಯ ಪಾಲು ಖಾಸಗಿ ಉತ್ಪಾದಕರದು. ತುಮಕೂರು ಜಿಲ್ಲೆಯ ಪಾವಗಡದಲ್ಲೇ ತಿರುಮಣಿ, ವಳ್ಳೂರು ಸೇರಿ ಐದು ಊರಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಜಮೀನು ರೈತರದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಪ್ಯಾನೆಲ್ ಕಂಪನಿಗಳದು. ಭೂಮಿ ಇದ್ದವರಿಗೆ ಬರಗಾಲದಲ್ಲೂ ನಿಲ್ಲದ ಆದಾಯ ಸಿಕ್ಕಿತು. ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಕೂಲಿ ಮಾಡುತ್ತಿದ್ದ ಭೂಹೀನರಿಗೆ ಗುತ್ತಿಗೆಯಲ್ಲಿ ಪಾಲಿಲ್ಲ. ಹಳ್ಳಿಗಳಲ್ಲಿ ಮೀಟರ್ ಓದಿ ಬಿಲ್ಲು ಕೊಡುವ ಗ್ರಾಮ ವಿದ್ಯುತ್ ಪ್ರತಿನಿಧಿಯೂ ಕಂಪನಿಯ ಕಾಯಂ ನೌಕರನಲ್ಲ, ಕಮಿಷನ್ ಮೇಲೆ ದುಡಿಯುವವನು. ಇನ್ನೂ ಪೂರ್ತಿ ಸರ್ಕಾರದ ಕೈಯಲ್ಲಿರುವುದು ತಂತಿ ಮತ್ತು ಗ್ರಾಹಕನ ಖಾತೆ. ಈಗಿನ ಚರ್ಚೆ ಅವೆರಡರ ಮೇಲೆ.

2025ರ ಫೆಬ್ರುವರಿಯಿಂದ ಬೆಸ್ಕಾಂ ಹೊಸ ಮತ್ತು ತಾತ್ಕಾಲಿಕ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಸಿಂಗಲ್ ಫೇಸ್ ಮೀಟರಿಗೆ ಹಿಂದೆ ಸುಮಾರು ಒಂದು ಸಾವಿರ ಇದ್ದದ್ದು ಸುಮಾರು ಐದು ಸಾವಿರವಾಯಿತು, ಅದನ್ನು ಗ್ರಾಹಕರೇ ಮುಂಗಡವಾಗಿ ಕೊಡಬೇಕು. ಕೇಂದ್ರದ ಆರ್‌ಡಿಎಸ್‌ಎಸ್ ಯೋಜನೆಯಡಿ ಮೀಟರ್ ಹಾಕುವ ರಾಜ್ಯಗಳಲ್ಲಿ ಗ್ರಾಹಕ ಮುಂಗಡ ಕೊಡುವುದಿಲ್ಲ, ಏಜೆನ್ಸಿ ಹಣ ಹೂಡಿ ಕಂಪನಿಯಿಂದ ತಿಂಗಳ ಕಂತಿನಲ್ಲಿ ವಾಪಸು ಪಡೆಯುತ್ತದೆ. ಕೊನೆಗೆ ಅದೂ ದರದಲ್ಲೇ ಬರುತ್ತದೆ, ಆದರೆ ಸಂಪರ್ಕದ ಬಾಗಿಲಲ್ಲೇ ಐದು ಸಾವಿರ ಎಣಿಸಬೇಕಾಗಿಲ್ಲ. ದಿನಗೂಲಿಯವರಿಗೆ ಈ ವ್ಯತ್ಯಾಸವೇ ಎಲ್ಲ.

ಸ್ಮಾರ್ಟ್ ಮೀಟರಿನ ಪ್ರಿಪೇಯ್ಡ್, ಅಂದರೆ ಮೊದಲೇ ಹಣ ಹಾಕಿ ಬಳಸುವ ಪದ್ಧತಿಯ ಬಗ್ಗೆ ಎರಡು ಮಾತು. ಅದರಲ್ಲಿ ಅನುಕೂಲವೂ ಇದೆ. ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಪ್ರಿಪೇಯ್ಡ್ ಗ್ರಾಹಕರಿಂದ ಠೇವಣಿ ಕೇಳುವಂತಿಲ್ಲ. ಮಾಮೂಲಿ ಗ್ರಾಹಕರು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇಡಬೇಕು, ಬಳಕೆ ಏರಿದರೆ ಹೆಚ್ಚುವರಿ ಠೇವಣಿಗೆ ನೋಟಿಸ್ ಬರುತ್ತದೆ. ನೂರಿನ್ನೂರು ಹಾಕಿಸಿಕೊಂಡು ನಡೆಸುವುದು ಕೂಲಿಯ ಬದುಕಿಗೆ ಹೊಂದುತ್ತದೆ. ಕೆಡುಕು 56ನೇ ಸೆಕ್ಷನ್ ಹತ್ತಿರ. ಬಾಕಿ ಇಟ್ಟವರ ಲೈನ್ ಕತ್ತರಿಸಲು 15 ದಿನದ ಲಿಖಿತ ನೋಟಿಸ್ ಕೊಡಬೇಕು ಎಂಬುದು ಬಡ ಗ್ರಾಹಕರಿಗಿರುವ ದೊಡ್ಡ ಆಸರೆ. ಆ ಹದಿನೈದು ದಿನದಲ್ಲಿ ಸಂಬಳ ಬರುತ್ತದೆ, ಸಂಘದಲ್ಲಿ ಸಾಲ ಹುಟ್ಟುತ್ತದೆ, ಬಿಲ್ಲು ತಪ್ಪಿದ್ದರೆ ಜಗಳವನ್ನಾದರೂ ಮಾಡಬಹುದು. ಪ್ರಿಪೇಯ್ಡ್‌ನಲ್ಲಿ ಬ್ಯಾಲೆನ್ಸ್ ತೀರಿದರೆ ಕರೆಂಟು ತಾನೇ ಹೋಗುತ್ತದೆ, ನೋಟಿಸಿನ ಪ್ರಶ್ನೆಯೇ ಏಳುವುದಿಲ್ಲ. ಜೊತೆಗೆ ಸ್ಮಾರ್ಟ್ ಮೀಟರ್ ಗರಿಷ್ಠ ಬೇಡಿಕೆಯನ್ನೂ ದಾಖಲಿಸುತ್ತದೆ. 2023ರ ಕೇಂದ್ರ ನಿಯಮದ ಪ್ರಕಾರ ಒಂದು ಆರ್ಥಿಕ ವರ್ಷದಲ್ಲಿ ಮೂರು ಸಲ ಮಂಜೂರಾದ ಲೋಡ್ ಮೀರಿದರೆ ಲೋಡನ್ನು ಪರಿಷ್ಕರಿಸಬಹುದು. ಒಂದು ಕಿಲೋವಾಟ್ ಮನೆಯಲ್ಲಿ ಚಳಿಗಾಲದ ಮೂರು ತಿಂಗಳು ಕಾಯಿಲ್ ಇಳಿಬಿಟ್ಟರೆ ನಿಗದಿತ ಶುಲ್ಕ ಎರಡು ಕಿಲೋವಾಟ್‌ಗೆ ಏರುವ ದಾರಿ ಇದು.

ದೊಡ್ಡವರು ಹೊರಟರೆ

ಒಂದು ಮೆಗಾವಾಟ್ ಮೇಲಿನ ಗ್ರಾಹಕರು ಬೆಸ್ಕಾಂ ಬಿಟ್ಟು ಬೇರೆಯವರಿಂದ ಕರೆಂಟು ಕೊಳ್ಳಬಹುದು, ತಂತಿ ಬಳಕೆಯ ಶುಲ್ಕ ಮತ್ತು ಕ್ರಾಸ್ ಸಬ್ಸಿಡಿ ಸರ್ಚಾರ್ಜ್ ಕೊಟ್ಟರಾಯಿತು. ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರ–ವೇಮಗಲ್ ಮತ್ತು ಮಾಲೂರು, ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಇರುವುದು ಅಂಥ ಗ್ರಾಹಕರು. ಸಣ್ಣವರ ದರ ತಗ್ಗಿಸುತ್ತಿದ್ದ ಹಣ ಇವರಿಂದಲೇ ಬರುತ್ತಿತ್ತು. ಇವರನ್ನು ಉಳಿಸಿಕೊಳ್ಳಲು ಆಯೋಗ ದೊಡ್ಡವರ ದರ ಇಳಿಸುತ್ತ ಬಂದಿದೆ. 2025ರಲ್ಲಿ ಹೈಟೆನ್ಷನ್ ವಾಣಿಜ್ಯ ಗ್ರಾಹಕರ ಯೂನಿಟ್ ದರ 8 ರೂಪಾಯಿಯಿಂದ 5.95ಕ್ಕೆ ಇಳಿಯಿತು. ಮಾಲ್‌ಗೂ ಗುಡಿಸಲಿಗೂ ಯೂನಿಟ್ ದರದ ಅಂತರ ಆ ವರ್ಷ 15 ಪೈಸೆ. ಮಾಲ್ ಕೆವಿಎಗೆ ಲೆಕ್ಕ ಹಾಕಿ ಡಿಮಾಂಡ್ ಚಾರ್ಜ್ ಬೇರೆ ಕಟ್ಟುತ್ತದೆ, ಅದನ್ನು ಮರೆಯಬಾರದು. ಆದರೂ ಕ್ರಾಸ್ ಸಬ್ಸಿಡಿ ಎಂಬುದು ಎಷ್ಟು ತೆಳುವಾಗಿದೆ ಎಂದು ತಿಳಿಯಲು ಇಷ್ಟು ಸಾಕು.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ವಿದ್ಯುತ್ ತಿದ್ದುಪಡಿ ಕರಡು ಇದೇ ದಾರಿಯಲ್ಲಿ ಇನ್ನಷ್ಟು ದೂರ ಹೋಗುತ್ತದೆ. ಒಂದೇ ತಂತಿಯ ಮೇಲೆ ಒಂದಕ್ಕಿಂತ ಹೆಚ್ಚು ವಿತರಣಾ ಕಂಪನಿಗಳು, ಕಾರ್ಖಾನೆ, ರೈಲ್ವೆ, ಮೆಟ್ರೊಗಳ ಮೇಲಿನ ಕ್ರಾಸ್ ಸಬ್ಸಿಡಿ ಐದು ವರ್ಷದಲ್ಲಿ ಪೂರ್ತಿ ರದ್ದು. ಹೊಸದಾಗಿ ಬರುವ ಕಂಪನಿ ವಸಂತನರಸಾಪುರಕ್ಕೆ ಬರುವಷ್ಟು ಆಸೆಯಿಂದ ಬಾಗೇಪಲ್ಲಿಯ ಗಡಿ ಹಳ್ಳಿಗೆ ಬಂದೀತೇ? ಹಳ್ಳಿ ಲೈನಿನಲ್ಲಿ ಕಂಬಗಳು ದೂರ ದೂರ, ಮನೆಗಳು ಕಡಿಮೆ, ನಷ್ಟ ಹೆಚ್ಚು, ಬಿಲ್ಲು ಸಣ್ಣದು. ಪೈಪೋಟಿ ಪೇಟೆಯಲ್ಲಿ ನಡೆಯುತ್ತದೆ, ಹೊಣೆ ಬೆಸ್ಕಾಂಗೆ ಉಳಿಯುತ್ತದೆ.

ಪೂರ್ತಿ ಖಾಸಗಿಯಾದ ಕಡೆ ಏನಾಯಿತು? ಒಡಿಶಾ 1999ರಲ್ಲೇ ವಿತರಣೆ ಮಾರಿತು. ಒಂದು ವಲಯ ಕೊಂಡ ಅಮೆರಿಕದ ಎಇಎಸ್ ಎರಡು ವರ್ಷದಲ್ಲಿ ಕೈಚೆಲ್ಲಿ ಹೊರಟಿತು, ಉಳಿದ ಮೂರು ವಲಯಗಳ ಲೈಸೆನ್ಸು 2015ರಲ್ಲಿ ರದ್ದಾದವು. ಮೊದಲ ಮಾರಾಟವಾಗಿ ಇಪ್ಪತ್ತು ವರ್ಷದ ಮೇಲೆ ಟಾಟಾ ಪವರ್ ಬಂತು. ದೆಹಲಿಯಲ್ಲಿ 2002ರಿಂದ ಸೋರಿಕೆ ಅರ್ಧಕ್ಕಿಂತ ಹೆಚ್ಚಿದ್ದದ್ದು ಒಂದಂಕಿಗೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ, ಸರ್ಕಾರಿ ಕಂಪನಿಯ ಪರ ಮಾತಾಡುವವರು ಇದನ್ನು ಒಪ್ಪಿಕೊಂಡೇ ಮಾತಾಡಬೇಕು. ಆದರೆ ಆಯೋಗ ದರ ಏರಿಸದೆ ಮುಂದೂಡಿದ ವೆಚ್ಚ ಅಲ್ಲಿ ಬಡ್ಡಿ ಸೇರಿ 27,200 ಕೋಟಿ ರೂಪಾಯಿ ಬೆಳೆಯಿತು. ಇಂಥ ಬಾಕಿಯನ್ನು ಗಡುವಿನೊಳಗೆ ತೀರಿಸಬೇಕೆಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದು ಬರಬೇಕಾದ್ದು ಗ್ರಾಹಕರಿಂದಲೇ. ದೆಹಲಿಯಲ್ಲೂ 2019ರಿಂದ 200 ಯೂನಿಟ್ ಉಚಿತವಿದೆ. 2022ರ ಅಕ್ಟೋಬರ್‌ನಿಂದ ಅರ್ಜಿ ಹಾಕಿದವರಿಗೆ ಮಾತ್ರ ಎಂದಾಯಿತು. ಬಜೆಟ್ಟಿನ ರಕ್ಷಣೆಯನ್ನು ಕಿರಿದು ಮಾಡಲು ವಿಚಾರಣೆ ಬೇಡ, ತಿದ್ದುಪಡಿ ಬೇಡ, ಒಂದು ಅರ್ಜಿ ನಮೂನೆ ಸಾಕು.

ನಮ್ಮಲ್ಲೂ ಅಷ್ಟೆ. 65ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಹಣವನ್ನು ಸರ್ಕಾರ ಮುಂಗಡವಾಗಿ ಕೊಡಬೇಕು, ಕೊಡದಿದ್ದರೆ ಆಯೋಗದ ದರವೇ ಜಾರಿಯಾಗುತ್ತದೆ. ಪಂಪ್‌ಸೆಟ್ ವಿಷಯದಲ್ಲಿ ಆಯೋಗ ತನ್ನ ಆದೇಶಗಳಲ್ಲಿ ಇದನ್ನು ಬರೆದೇ ಇಡುತ್ತದೆ: ಸಬ್ಸಿಡಿ ಬಾರದಿದ್ದರೆ ರೈತರಿಂದಲೇ ವಸೂಲಿ ಮಾಡಿ. ಸರ್ಕಾರಿ ಕಂಪನಿ ಬಾಕಿ ಸಹಿಸಿಕೊಂಡು ಸುಮ್ಮನಿರುತ್ತದೆ. ಖಾಸಗಿ ಕಂಪನಿ ಎಷ್ಟು ತಿಂಗಳು ಸುಮ್ಮನಿದ್ದೀತು?

ಹತ್ತು ಎಚ್‌ಪಿಯ ಗೆರೆ

ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬಡ ಗ್ರಾಹಕ ಎಂದರೆ ಬೋರ್‌ವೆಲ್ ರೈತನೂ ಹೌದು. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ, ಅದರ ಮೇಲೆ ದುಡ್ಡು. ಸಾವಿರ ಅಡಿ ದಾಟಿದ ಬೋರಿನಿಂದ ನೀರೆತ್ತಲು ಹತ್ತು ಎಚ್‌ಪಿ ಸಾಲದೆ 12.5, 15ಕ್ಕೆ ಹೋಗಬೇಕಾಗುತ್ತದೆ. ಮೇಲ್ಮಟ್ಟದಲ್ಲೇ ನೀರು ಸಿಗುವ ತಾಲ್ಲೂಕಿನ ರೈತನಿಗೆ ಪೂರ್ತಿ ಉಚಿತ, ಅಂತರ್ಜಲ ಬತ್ತಿದ ಕಡೆಯವನು ಗೆರೆಯ ಆಚೆ. ಹಾಗಾಗಿ ಕಾಗದದಲ್ಲಿ ಹತ್ತು, ಬೋರಿನೊಳಗೆ ಹದಿನೈದು. 25 ಕೆವಿಎ ಟಿಸಿ ಸುಮಾರು 20 ಕಿಲೋವಾಟ್ ಹೊರುತ್ತದೆ, 26 ಎಚ್‌ಪಿಯಷ್ಟು. ಕಾಗದದ ಪ್ರಕಾರ ಎರಡು ಹತ್ತು ಎಚ್‌ಪಿ ಮೋಟಾರಿಗೆ ಸಾಕು. ಎರಡೂ ನಿಜದಲ್ಲಿ ಹದಿನೈದಾಗಿದ್ದರೆ 30. ತ್ರೀಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರಿನಿಂದ ಎರಡೂ ಒಟ್ಟಿಗೆ ಏಳುತ್ತವೆ, ವೋಲ್ಟೇಜ್ ಬೀಳುತ್ತದೆ, ಮೋಟಾರ್ ಹೆಚ್ಚು ಆಂಪ್ಸ್ ಎಳೆಯುತ್ತದೆ, ಟಿಸಿಯ ಎಣ್ಣೆ ಕಾಯುತ್ತದೆ, ಅದರೊಳಗಿನ ಕಾಯಿಲ್ ಸುಡುತ್ತದೆ. ಸುಟ್ಟ ಟಿಸಿಯನ್ನು ಗ್ರಾಮೀಣ ಭಾಗದಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಎಂಬುದು ಆಯೋಗದ ಸೇವಾ ಮಾನದಂಡ. ಟಿಸಿ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ ರೈತರು ಚಂದಾ ಎತ್ತಿ ಕೊಡಬೇಕಾದದ್ದಲ್ಲ, ಬೆಳೆ ಒಣಗುವ ಹೊತ್ತಿನಲ್ಲಿ ನಿಯಮ ಹೇಳಿಕೊಂಡು ಕೂರಲು ಆಗದೆ ಕೊಡುತ್ತಾರೆ. ಉಚಿತದ ಗೆರೆಯನ್ನು ಎಚ್‌ಪಿ ಬದಲು ಬೋರಿನ ಆಳ ಅಥವಾ ಯೂನಿಟ್ ಲೆಕ್ಕದಲ್ಲಿ ಎಳೆದರೆ ಸುಳ್ಳು ಕಾಗದದ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ.

ನೀರಿನ ಕಥೆ ಕೇಳಿದರೆ ಕರೆಂಟೇ ವಾಸಿ. ಇಲ್ಲಿ ಖಾಸಗೀಕರಣಕ್ಕೆ ಯಾರೂ ಆದೇಶ ಹೊರಡಿಸಲಿಲ್ಲ, ಟ್ಯಾಂಕರು ಬಂತು, ಅಷ್ಟೆ. ಟ್ಯಾಂಕರಿಗೆ ಎಷ್ಟು ಎಂಬುದು ಬೇಸಿಗೆಯ ಮೇಲೆ ನಿಂತಿದೆ. ಕರೆಂಟಿಗಿರುವಂತೆ ಸ್ವತಂತ್ರ ಆಯೋಗ, ಬಹಿರಂಗ ವಿಚಾರಣೆ, ಲಿಖಿತ ಆದೇಶ ನೀರಿಗೆ ರಾಜ್ಯದಲ್ಲಿ ಇಲ್ಲ. ಕೆಇಆರ್‌ಸಿಯನ್ನು ಎಷ್ಟು ಟೀಕಿಸಿದರೂ, ಟೀಕಿಸಲು ಒಂದು ವಿಳಾಸವಾದರೂ ಇದೆ.

ಆ ವಿಳಾಸಕ್ಕೆ ಬರೆಯುವುದು ಹೇಗೆ

ಬಿಲ್ಲಿನ ತಕರಾರು ಮೊದಲು 1912ಕ್ಕೆ, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ (ಎಇಇ) ಲಿಖಿತವಾಗಿ, ಸ್ವೀಕೃತಿ ಸಹಿ ಪಡೆದು. ತಿಂಗಳ ಮೂರನೇ ಶನಿವಾರ ಉಪವಿಭಾಗಗಳಲ್ಲಿ ಗ್ರಾಹಕರ ಸಂವಾದ ಇರುತ್ತದೆ, ಎಲ್ಲರೆದುರು ಕೇಳಿದರೆ ಉತ್ತರ ಬೇಗ ಬರುತ್ತದೆ. ಅಲ್ಲೂ ಆಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್. ಮೀಟರ್ ಜೋರಾಗಿ ಓಡುತ್ತಿದೆ ಎಂಬ ಅನುಮಾನವಿದ್ದರೆ ಚೆಕ್ ಮೀಟರ್ ಕೇಳಿ. ದೂರು ಕೊಟ್ಟ ಐದು ದಿನದಲ್ಲಿ ಹಾಕಬೇಕು, ಕನಿಷ್ಠ ಮೂರು ತಿಂಗಳು ಇರಬೇಕು ಎಂದು 2024ರ ಕೇಂದ್ರ ನಿಯಮ ಹೇಳುತ್ತದೆ. ಹಳೆಯ ಬಾಕಿ ಎಂದು ಏಕಾಏಕಿ ದೊಡ್ಡ ಮೊತ್ತ ತೋರಿಸಿದರೆ 56ನೇ ಸೆಕ್ಷನ್ನಿನ ಎರಡನೇ ಉಪವಿಧಿ ಉಲ್ಲೇಖಿಸಿ. ಬಾಕಿಯನ್ನು ಬಿಲ್ಲಿನಲ್ಲಿ ನಿರಂತರವಾಗಿ ತೋರಿಸುತ್ತ ಬಂದಿರದಿದ್ದರೆ ಎರಡು ವರ್ಷ ದಾಟಿದ ಹಣ ವಸೂಲಿ ಮಾಡುವಂತಿಲ್ಲ.

ದರದ ರಚನೆ ಬದಲಾಗಬೇಕಾದರೆ ಬಿಲ್ ಕೌಂಟರಿನಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಬೆಸ್ಕಾಂ ದರದ ಅರ್ಜಿ ಸಲ್ಲಿಸಿದ ಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಅಲ್ಲಿ ಹೇಳಿದ ಗಡುವಿನೊಳಗೆ ಅಫಿಡವಿಟ್ ಜೊತೆ ಆಕ್ಷೇಪಣೆ ಹಾಕಬಹುದು, ವಿಚಾರಣೆಯಲ್ಲಿ ಮಾತಾಡಬಹುದು. ಅಲ್ಲಿಗೆ ಎಫ್‌ಕೆಸಿಸಿಐ, ಕಾಸಿಯಾದಂಥ ಉದ್ಯಮಿಗಳ ಸಂಸ್ಥೆಗಳು ಲೆಕ್ಕಪತ್ರ ಹಿಡಿದು ಬರುತ್ತವೆ. ಬೆಂಗಳೂರಿನ ವಿಚಾರಣೆಗೆ ಪಾವಗಡದಿಂದ ಒಂದು ದಿನದ ಕೂಲಿ ಬಿಟ್ಟು ಬರುವವರು ವಿರಳ. ಒಂದು ಗ್ರಾಮ ಪಂಚಾಯಿತಿಯಾಗಲಿ, ಸ್ತ್ರೀಶಕ್ತಿ ಸಂಘಗಳ ಒಕ್ಕೂಟವಾಗಲಿ ಆಕ್ಷೇಪಣೆ ಹಾಕುವುದಾದರೆ ಒಂದೇ ಪುಟ ಸಾಕು. ಕೇಂದ್ರದ ದರ ನೀತಿಯೇ, ಬಡತನ ರೇಖೆಗಿಂತ ಕೆಳಗಿದ್ದು ಕಡಿಮೆ ಬಳಸುವವರಿಗೆ ಸರಾಸರಿ ಪೂರೈಕೆ ವೆಚ್ಚದ ಅರ್ಧದವರೆಗೆ ದರ ಇಳಿಸಲು ಅವಕಾಶ ಕೊಡುತ್ತದೆ. 2005ರ ರಾಷ್ಟ್ರೀಯ ವಿದ್ಯುತ್ ನೀತಿ ಅಂಥ ಬಳಕೆಗೆ ತಿಂಗಳಿಗೆ 30 ಯೂನಿಟ್ ಎಂಬ ಉದಾಹರಣೆಯನ್ನೂ ಕೊಟ್ಟಿದೆ. ಕೇಳಬೇಕಾದ್ದು ಮೂರು: ಬಿಪಿಎಲ್ ಮನೆಗಳಿಗೆ ಈ ನೀತಿಯಂತೆ ಮೊದಲ ಸ್ಲ್ಯಾಬು ವಾಪಸು ತನ್ನಿ, ಮೊದಲ ಕಿಲೋವಾಟಿನ ನಿಗದಿತ ಶುಲ್ಕ ಬೇರೆ ಮಾಡಿ, ವಠಾರದ ಪ್ರತಿ ಮನೆಗೆ ಪ್ರತ್ಯೇಕ ಮೀಟರ್ ಹಾಕುವ ಖರ್ಚನ್ನು ಕಂತಿಗೆ ಹಾಕಿ. ಆಕ್ಷೇಪಣೆ ಸಲ್ಲಿಸಿದರೆ ಆಯೋಗ ಅದನ್ನೂ ಬೆಸ್ಕಾಂ ಕೊಟ್ಟ ಉತ್ತರವನ್ನೂ ಆದೇಶದಲ್ಲಿ ದಾಖಲಿಸುತ್ತದೆ, ತಿರಸ್ಕರಿಸಿದರೆ ಕಾರಣ ಬರೆಯಬೇಕಾಗುತ್ತದೆ.